ಕಲ್ಲು ಸುತ್ತಿ ಬರುವ ಊರು

ಬಂದೆಯಾ, ಗಾಜಿನ ತಲೆಯವನೇ, ಕೂರು.
ಹಗ್ಗ ಮಾತ್ರ ಬಿಡಬೇಡ.
ನೀವು ಬೆಚ್ಚಿದರೆ ಬೀಳುತ್ತೀರಂತೆ,
ನಾವು ಬೆಚ್ಚಿ ಏಳುತ್ತೇವೆ,
ಮತ್ತೆ ನೆಲ ಮುಟ್ಟುವಷ್ಟರಲ್ಲಿ
ಯಾತಕ್ಕೆ ಬೆಚ್ಚಿದೆವೆಂಬುದೇ ಮರೆತಿರುತ್ತದೆ.

ನಮ್ಮ ಒಡೂನ ಚಿಕ್ಕದು.
ಹಿತ್ತಿಲ ಬಾಗಿಲಿಂದ ಹೊರಟು ಮೂಗಿನ ನೇರಕ್ಕೆ ನಡೆದರೆ
ಮೂರನೆಯ ನಿದ್ದೆಗೆ ಮುಂಬಾಗಿಲು.
ಮುನಿಸಿಕೊಂಡು ಮನೆ ಬಿಟ್ಟವರು
ಹಾಗೇ ಮರಳುತ್ತಾರೆ, ತಲೆ ತಗ್ಗಿಸದೆ.

ಗಾಳಿಯಿಲ್ಲ, ಹಾಗಾಗಿ ಗಂಟಲೂ ಇಲ್ಲ.
ಮಾತೆಲ್ಲ ಹಿಮ್ಮಡಿಯದು.
ಟುಕ್ ಎಂದು ಒಬ್ಬಳು ನಕ್ಕರೆ
ಆಚೆ ಮಗ್ಗುಲಲ್ಲಿ ಮಲಗಿದವನಿಗೂ ಕಚಗುಳಿ.
ನೆಲವೇ ಕಿವಿಯಾದಲ್ಲಿ ಗುಟ್ಟು ಹೇಳುವುದೆಂತು?
ಇಬ್ಬರೂ ಕೈಹಿಡಿದು ನೆಗೆಯಬೇಕು,
ನಾಲ್ಕೂ ಕಾಲು ನೆಲ ಬಿಟ್ಟಮೇಲೆ
ಹಣೆಗೆ ಹಣೆ ತಾಗಿಸಿ
ಇಳಿಯುವುದರೊಳಗೆ ಮುಗಿಸಬೇಕು.
ಯಾರು ಯಾರೊಡನೆ ನೆಗೆದರೆಂಬುದು ಮಾತ್ರ
ಊರಿಗೆಲ್ಲ ಕಾಣುತ್ತದೆ. ಇರಲಿ,
ನನ್ನ ಮದುವೆಯೂ ಹಾಗೇ ಗೊತ್ತಾಯಿತು.

ಚಿಮ್ಮಲಿ ಎಂಬ ಗಿಡವಿದೆ, ತಗಡಿನಂಥ ಎಲೆ, ತುಕ್ಕಿನ ಬಣ್ಣ.
ಬಿಸಿಲೇರಿದರೆ ಕಾಯಿ ಸಿಡಿದು ಬೀಜ ಮೇಲಕ್ಕೆ.
ಕೆಲವು ಬರುವುದೇ ಇಲ್ಲ,
ಬಂದವು ಯಾರ ಅಂಗಳಕ್ಕೋ.
ಅದಕ್ಕೇ ಬೆಳೆದವರನ್ನು
ಬಿತ್ತಿದವರಾರೆಂದು ನಾವು ಕೇಳುವುದಿಲ್ಲ.

ಆಟವೆಂದೆಯಲ್ಲ. ಇರುವುದೊಂದೇ, ತೂರೆ.
ಅಂಗೈಯಗಲದ ಕಲ್ಲು, ಕಣ್ಣಿನ ಮಟ್ಟ,
ನೆಲಕ್ಕೆ ಸಮನಾಗಿ ಎಸೆ.
ಮೆಲ್ಲಗಾದರೆ ಗುಡ್ಡಕ್ಕೆ ಬಡಿಯಿತು,
ಜೋರಾದರೆ ಆಕಾಶದ ಪಾಲು.
ಹದವಾಗಿ ಹೋದದ್ದು
ಇಡೀ ಒಡೂನ ಸುತ್ತಿ ಬೆನ್ನ ಹಿಂದಿನಿಂದ ಬರುತ್ತದೆ.
ಅಷ್ಟರಲ್ಲಿ ನೆಲ ಹೊರಳಿ
ನೀನು ನಿಂತಲ್ಲಿ ನೆರೆಯವನು ನಿಂತಿರುತ್ತಾನೆ,
ಹಿಡಿಯಬೇಕಾದವನು ಅವನು.
ನಡುವೆ ಅಡುಗೆ ಮಾಡಬಹುದು, ಉಣ್ಣಬಹುದು,
ಒಂದು ಜಗಳ ಮುಗಿಸಬಹುದು.
ಕಲ್ಲಿನ ದಾರಿಗೆಂದೇ ಹಿಂದಿನವರು
ಗುಡ್ಡಗುಡ್ಡಕ್ಕೂ ಕಚ್ಚು ಕೊರೆದಿದ್ದಾರೆ;
ಮನೆ ಕಟ್ಟಿದರೆ ಮೊದಲು ಅದಕ್ಕೆ ಕಿಟಕಿ,
ಆಮೇಲೆ ನಮಗೆ ಬಾಗಿಲು.

ನಾನು ನೆಹಮಿ, ಲೆಕ್ಕದವಳು.
ಚಿಮ್ಮಲಿಯ ಎಲೆಯಲ್ಲಿ ತೂತು ಕೊರೆದಿಡುತ್ತೇನೆ,
ಎಸೆದವರದೊಂದು ಸಾಲು, ಹಿಡಿದವರದೊಂದು.
ಒಂದೆಲೆ ಮಾತ್ರ ಅರ್ಧಕ್ಕೆ ನಿಂತಿದೆ.

ಇಶ್ಕೋರೆ ಎಸೆದ ಕೆಂಪುಕಲ್ಲು.
ಹಿಡಿಯಬೇಕಿದ್ದವನು ತಮ್ಮ, ಓಲ್ಮ.
ಏನು ಮುನಿಸೋ, ನೆಗೆದು ಆಡಿದ ಮಾತು, ನಮಗೆ ತಿಳಿಯದು,
ಕಲ್ಲು ಬಂದಾಗ ಬಗ್ಗಿಬಿಟ್ಟ.
ಅದು ಸುತ್ತುತ್ತಲೇ ಇದೆ.
ಇಶ್ಕೋರೆ ಸತ್ತು ಎಷ್ಟೋ ಬೇಸಗೆ.
ದಿನಕ್ಕೆ ನಾಲ್ಕು ಬಾರಿ ಊರೆಲ್ಲ ಬಗ್ಗುತ್ತೇವೆ,
ಮಕ್ಕಳು ಅದನ್ನು ನಮಸ್ಕಾರವೆಂದುಕೊಂಡಿವೆ.
ನೀನೂ ಬಂದೊಡನೆ ನಮ್ಮನ್ನು ನೋಡಿ ಬಗ್ಗಿದೆ.
ಒಳ್ಳೆಯದೇ ಆಯಿತು.

ಕಲ್ಲೀಗ ತಗ್ಗುತ್ತಿದೆ, ಬೆರಳು ಬೆರಳಾಗಿ.
ಕಣ್ಣಿನ ಮಟ್ಟದ್ದು ಎದೆಯ ನೇರಕ್ಕೆ ಬಂದಿದೆ.
ಓಲ್ಮ ಪ್ರತಿ ಸುತ್ತಿಗೂ
ಕಚ್ಚಿನ ಬಾಯಲ್ಲಿ ಹೋಗಿ ನಿಲ್ಲುತ್ತಾನೆ,
ಕೈ ಅರ್ಧ ಚಾಚುತ್ತಾನೆ, ಪಕ್ಕಕ್ಕೆ ಸರಿಯುತ್ತಾನೆ.
ಮೊನ್ನೆ ಉಗುರು ತಾಗಿತಂತೆ.
ಅದಕ್ಕೆ ಅರ್ಧ ತೂತು ಕೊರೆಯಲೇ ಎಂದು ಕೇಳಿದೆ,
ಇನ್ನೂ ಉತ್ತರ ಬಂದಿಲ್ಲ.

ಅಂದಹಾಗೆ,
ಹಡಗಿನಿಂದ ಇಳಿಯುವಾಗ ಕೈಜಾರಿ ಹೋಯಿತಲ್ಲ
ನಿನ್ನದೊಂದು ಸ್ಪ್ಯಾನರ್,
ನೀನು ತಲೆ ಕೆಡಿಸಿಕೊಳ್ಳಲಿಲ್ಲ.
ಆಚೆ ಮಗ್ಗುಲಿನಿಂದ ಈಗಷ್ಟೇ ಸುದ್ದಿ ಬಡಿಯಿತು:
ಹೊಳೆಯುವುದೇನೋ ಒಂದು
ಕಚ್ಚಿನೊಳಗೆ ಕರಾರುವಾಕ್ಕಾಗಿ ತೂರಿ ಬರುತ್ತಿದೆ,
ಹುಡುಗರು ಜಾಗ ಹಿಡಿದು ನಿಂತಿದ್ದಾರೆ.
ಹೊಸ ಎಲೆ ತೆಗೆದಿದ್ದೇನೆ.
ಹೆಸರು ಹೇಳು, ಹಿಮ್ಮಡಿಯಿಂದ, ಮೆಲ್ಲಗೆ.
ಎಲ್ಲರಿಗೂ ಕೇಳಿಸುತ್ತದೆ.